ಎತ್ತದ ಕೈ

೧೮೯೩ ಮೇ ೨೪, ಬುಧವಾರ

ದೋಣಿ ಪಂದ್ಯ ಗೆದ್ದೆವು ಎಂದು ಬರೆಯಲು ಮನಸ್ಸಾಗುತ್ತಿಲ್ಲ.

ನಿಯಮ, ನಿಯಮ ಎಂದು ಎಲ್ಲರೂ ಸಮಾಧಾನ ಹೇಳುತ್ತಿದ್ದಾರೆ. ನಮ್ಮ ದೋಣಿ ಮುಂದೆ ಹೋಗುತ್ತಿರುವ ಕಾಲೇಜಿನ ದೋಣಿಗೆ ಹಿಂದಿನಿಂದ ತಾಕಿದರೆ, ದೋಣಿಯ ಹಿಂತುದಿಯಲ್ಲಿ ಕೂರುವ ಅವರ ಚುಕ್ಕಾಣಿಯವನು ಕೈ ಎತ್ತಿ ಸೋಲೊಪ್ಪಬೇಕು. ಅಲ್ಲಿಯವರೆಗೆ ನಾವು ನಿಲ್ಲಿಸುವ ಹಾಗಿಲ್ಲ. ಹುಟ್ಟು ಹಾಕುವವರು ಹಿಂದಕ್ಕೆ ಮುಖ ಮಾಡಿ ಕೂತಿರುತ್ತೇವೆ. ಮುಂದಿನದು ಕಾಣುವುದು ನಮ್ಮ ಚುಕ್ಕಾಣಿಯ ಹಾರ್ಬಿನ್‌ಗೆ ಮಾತ್ರ, ಅವನಿಗೂ ನಮ್ಮ ತಲೆಗಳ ಮೇಲಿಂದ ಎದ್ದ ಕೈಯಷ್ಟೇ ಕಂಡೀತು.

ತಾಕಿದ್ದು ಮೈಗೆ ಗೊತ್ತಾಯಿತು.

"ಕೈ ಎತ್ತೋ ಟ್ರೆವಿಸ್, ನಾಚ್ಕೆ ಯಾಕೋ!" ಎಂದು ಹಾರ್ಬಿನ್ ಅವರ ಚುಕ್ಕಾಣಿಯವನಿಗೆ ಕೂಗಿದ. ಆಮೇಲೆ ನಮಗೆ, "ಎತ್ತಲ್ವಂತೆ ಕಣ್ರೋ ಮೊಂಡ. ಎಳೀರಿ!"

ಎಳೆದೆವು.

ಆ ಮೊದಲ ತಾಕಿಗೇ ನಮ್ಮ ದೋಣಿಯ ಚೂಪು ಮೂತಿ ಟ್ರೆವಿಸ್‌ನ ಬೆನ್ನಿಗೇ ಹೊಕ್ಕಿತ್ತು. ಸತ್ತವನು ಕೈ ಎತ್ತುವುದಾದರೂ ಹೇಗೆ?

ಪಕ್ಕದ ಕೋಣೆಯಲ್ಲಿ ಹಾರ್ಬಿನ್ ಬಲಗೈ ಮೇಲೆತ್ತಿ ಕೂತಿದ್ದಾನೆ. ಹಿಡಿದು ಇಳಿಸಿ ಬಂದೆ. ಬಾಗಿಲು ಮುಚ್ಚುವಷ್ಟರಲ್ಲಿ ಮತ್ತೆ ಎತ್ತಿದ.