ಹುರುಳಿ ಸಾರಿನವನಿಗೆ ಮಾಂಸದ ಪಥ್ಯ

ಮಹಾರಾಜರ ಸರ್ಕಾರದ ಪೇಟೆ ಆಸ್ಪತ್ರೆಯ ಡಾಕ್ಟರ್ ಮಹಾಶಯರಿಗೆ,

ಮಾನ್ಯರೇ, ತಾವು ನನ್ನ ಕಾಲಿನ ಹೆಬ್ಬೆರಳನ್ನು ವಾಸಿ ಮಾಡಿ ನನ್ನ ಮಾನ ಕಳೆದಿರಿ. ಮೊದಲನೆಯದಕ್ಕೆ ಕೃತಜ್ಞ. ಎರಡನೆಯದನ್ನು ನಾಲ್ಕು ಜನ ಓದಲೆಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಜಂಗಮ. ಭಕ್ತರು ಮನೆಗೆ ಕರೆದು, ಮಣೆಯ ಮೇಲೆ ಕೂರಿಸಿ, ಹೆಬ್ಬೆರಳ ಮೇಲೆ ನೀರೆರೆದು, ಆ ನೀರನ್ನು ಪಾದೋದಕವೆಂದು ಸೇವಿಸುತ್ತಾರೆ. ಅದೇ ಬೆರಳು ಬದನೆಕಾಯಿಯಂತೆ ಊದಿಕೊಂಡಿತು. ಪಂಚೆಯ ಅಂಚು ತಗುಲಿದರೂ ಪ್ರಾಣ ಹೋಗುತ್ತಿತ್ತು, ಇನ್ನು ಪೂಜೆಯ ಮಾತೆಲ್ಲಿ? ಕುಂಟಿಕೊಂಡು ತಮ್ಮ ಬಳಿ ಬಂದೆ. ತಾವು ದೂರದಿಂದಲೇ ನೋಡಿ, ಇಂಗ್ಲಿಷ್ ಪುಸ್ತಕ ತಿರುವಿ, ಜಗಲಿಯಲ್ಲಿದ್ದವರಿಗೆಲ್ಲ ಕೇಳುವಂತೆ ಅಪ್ಪಣೆ ಕೊಟ್ಟಿರಿ: "ಗೌಟು, ಕೀಲುವಾತ! ಇವತ್ತಿಂದ ಮಾಂಸ, ಹೆಂಡ ಎರಡೂ ಬಂದ್!"

ಕೊರಳಲ್ಲಿದ್ದ ಲಿಂಗದ ಕರಡಿಗೆ ತಮ್ಮ ಕಣ್ಣಿಗೆ ಬೀಳಲಿಲ್ಲವೇ? "ಸ್ವಾಮೀ, ನಾನು ಅವನ್ನ ಮುಟ್ದೋನೇ ಅಲ್ಲ. ಹುರುಳಿ ಕಟ್ಟಿನ ಸಾರು ಉಂಡ್ರೆ ಬೆರಳು ಉರೀತದೆ, ಅದನ್ನ ಬುಡ್ಲಾ?" ಎಂದೆ. "ಪುಸ್ತಕದಲ್ಲಿ ಹುರುಳಿ ಇಲ್ಲ. ಎಲ್ಲರೂ ಹೀಗೇ ಹೇಳೋದು," ಎಂದು ನಕ್ಕಿರಿ. ಆ ಪುಸ್ತಕ ಬರೆದ ದೊರೆ ನಮ್ಮ ಮಿಡಿಗೇಶಿಗೆ ಬಂದು ಮುದ್ದೆ ನುಂಗಿದ್ದರೆ ತಾನೇ ಅದರಲ್ಲಿ ಹುರುಳಿ ಬರುವುದು!

ತಮಾಷೆ ಮುಂದಿದೆ. ತಾವು ಕೊಟ್ಟ ಕಾಲ್ಚಿಕಂ ಎಂಬ ಔಷಧಿಯ ಸೀಸೆಯ ಬಿರಡೆ ತೆಗೆದರೆ ಹೆಂಡದಂಗಡಿಯ ವಾಸನೆ. ಕೇಳಿದರೆ, "ಕಾಲ್ಚಿಕಂ ಒಂದು ಗೆಡ್ಡೆ, ಅದನ್ನ ವೈನಿನಲ್ಲಿ ನೆನೆಸಿರ್ತಾರೆ, ಔಷಧಿಗೆ ದೋಷವಿಲ್ಲ," ಎಂದಿರಿ. ಹೆಂಡ ಬಿಡೆಂದವರೇ ಹೆಂಡ ಕುಡಿಸಿದರೆ ಯಾರನ್ನು ಕೇಳೋಣ? ನೋವು ಇಳಿಯಿತು, ಸುಳ್ಳು ಹೇಳಲಾರೆ. ಜೊತೆಗೆ ಭೇದಿಯೂ ಆಯಿತು, ಅದನ್ನು ತಾವು ಮೊದಲು ಹೇಳಿರಲಿಲ್ಲ.

ಜಗಲಿಯ ಮಾತು ನನ್ನಂತೆ ಕುಂಟುವುದಿಲ್ಲ. ನಾನು ಊರು ಸೇರುವಷ್ಟರಲ್ಲಿ ಮನೆಮನೆ ಸುತ್ತಿತ್ತು. ನೋವಿಳಿದ ಮೇಲೆ ಸೋಮವಾರದ ಪೂಜೆಗೆ ಹೋದರೆ, ನಮ್ಮ ಹಳೆಯ ಭಕ್ತೆ ಸಿದ್ದಗಂಗಮ್ಮ ಬಾಗಿಲಲ್ಲೇ ನಿಂತರು.

"ಬುದ್ಧೀ, ಈ ಸಲ ಪೂಜೆ ಬ್ಯಾಡ ಬುಡಿ."

"ಯಾಕಮ್ಮ?"

"ನಾನೆಂಗೇಳ್ಲಿ? ತಿನ್ನದೇ ಇದ್ರೆ ಡಾಕ್ಟ್ರು ಯಾಕೆ ಬುಡು ಅಂತಾರೆ?"

ಉತ್ತರ ಕೊಡಲು ಬಾಯಿ ತೆರೆದೆ. ನನಗಿಂತ ಮೊದಲು, ಬೆಳಿಗ್ಗೆ ಕುಡಿದಿದ್ದ ತಮ್ಮ ಸೀಸೆಯ ವಾಸನೆ ಮಾತಾಡಿತು. ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನಗೆ ಅಳು ಬಂತು.

ಆದ್ದರಿಂದ ತಾವು ಅದೇ ಜಗಲಿಯಲ್ಲಿ, ಅದೇ ದನಿಯಲ್ಲಿ, ಮಾಂಸ ಮುಟ್ಟದವರಿಗೂ ಈ ಕಾಯಿಲೆ ಬರುತ್ತದೆಂದು ಸಾರಬೇಕು. ಮುದ್ದೆ ಸಾರಿನವರು ಏನು ಪಥ್ಯ ಮಾಡಬೇಕೆಂದು ತಿಳಿದು ಹೇಳಬೇಕು. ಗಂಟಲು ಕಟ್ಟಿದೆಯೆಂಬ ನೆಪ ಬೇಡ, ಆ ಗಂಟಲಿನ ಶಕ್ತಿ ನಾನು ಬಲ್ಲೆ.

ಬೆರಳಿನ ಊತ ಪೂರ್ತಿ ಇಳಿದಿದೆ. ಈಗ ಯಾರು ಮುಟ್ಟಿದರೂ ನೋಯುವುದಿಲ್ಲ. ಮುಟ್ಟುವವರೇ ಇಲ್ಲ.

ಇಂತಿ,
ತನ್ನ ಪಾದ ತಾನೇ ತೊಳೆದುಕೊಳ್ಳುತ್ತಿರುವ
ಅಡವಯ್ಯ
ಮಿಡಿಗೇಶಿ, ೧೯೩೨