ಅರಕಲಗೂಡಿನ ಹಾಸ್ಟೆಲಿಗೆ ನಿಮ್ಮ ಒಪ್ಪಿಗೆ

ಹಾಸನ, ಮಾರ್ಚ್ ೧೯೬೩

ಸೀತಾಪತಿಯವರೆ,

ಗೆದ್ದೆವು! ಹೊಳೆನರಸೀಪುರದ ಸಭೆಯಿಂದ ಈಗಷ್ಟೇ ಬಸ್ಸಿಳಿದು ಬಂದೆ, ಸೀರೆ ಬದಲಿಸುವಷ್ಟೂ ತಾಳ್ಮೆಯಿಲ್ಲ. ಕಟ್ಟಡಗಳ ನಕ್ಷೆ ಬರೆಯುವ ನಾವೆಲ್ಲ, ಒಬ್ಬರನ್ನೊಬ್ಬರು ಬೆನ್ನ ಹಿಂದೆ ಬೈದುಕೊಂಡು ಓಡಾಡುತ್ತಿದ್ದವರು, ಇಂದು ಒಂದು ಸಂಘವಾದೆವು. ನೀವು ಬದುಕಿದ್ದಾಗ ಹೇಳುತ್ತಿದ್ದ ನಿಯಮವನ್ನು ನಾನೇ ಸಭೆಯ ಮುಂದಿಟ್ಟೆ: ಒಬ್ಬರು ಆರಂಭಿಸಿದ ಕಟ್ಟಡವನ್ನು ಇನ್ನೊಬ್ಬರು ಮುಟ್ಟುವ ಮೊದಲು ಅವರ ಒಪ್ಪಿಗೆ ಕೇಳಬೇಕು. ಎಲ್ಲರೂ ಕೈಯೆತ್ತಿದರು!

ಆಗ ಚನ್ನರಾಯಪಟ್ಟಣದ ಬೈರಯ್ಯ ನಕ್ಕರು. "ಅಂಗಾದ್ರೆ ಅಕ್ಕಾರೆ, ಅರಕಲಗೂಡಿನ ಹಾಸ್ಟೆಲ್ಲು ಸೀತಾಪತಿಯೋರು ಸುರು ಮಾಡಿದ್ದಲ್ವಾ? ಅರ್ಧಕ್ಕೇ ನಿಂತೈತೆ. ಅದನ್ನ ಮುಗಿಸಾಕೆ ನೀವು ಯಾರ್ನ ಕೇಳ್ತೀರಿ?"

ಎಲ್ಲರೂ ನಕ್ಕರು.

"ಅವರನ್ನೇ ಕೇಳ್ತೀನಿ," ಅಂದೆ. ನಗು ನಿಂತಿತು.

ಇಗೋ, ಕೇಳುತ್ತಿದ್ದೇನೆ. ಹುಡುಗಿಯರು ಓದುವ ಕೋಣೆಗೆ ಪೂರ್ವದ ಕಿಟಕಿ ಇನ್ನಷ್ಟು ಅಗಲವಾಗಲಿ ಎಂಬುದು ನನ್ನ ಆಸೆ. ಬಿಸಿಲು ಹೊಡೆಯುತ್ತದೆ, ಬೇಡ ಎಂದು ನೀವು ಹಠ ಹಿಡಿದಿದ್ದಿರಿ. ಒಂದೇ ಕಚೇರಿಯಲ್ಲಿ ಎದುರುಬದುರು ಕೂತು ವಾರವೆಲ್ಲ ಮಾತು ಬಿಟ್ಟಿದ್ದೆವು.

ಈಗಲೂ ಬೇಡವೆಂದರೆ ಪರವಾಗಿಲ್ಲ. ಏನಾದರೂ ಹೇಳಿ.