ಕೆಮ್ಮಣ್ಣುಗುಂಡಿಗೆ ಮೂರನೇ ಗೇರ್‌ನಲ್ಲಿ

ಫೆಬ್ರವರಿ 3, 2025, ಸೋಮವಾರ
ಬೆಳಿಗ್ಗೆಯಿಂದ ಬರೀ ಆಯಿಲ್ ಚೇಂಜ್. ಮತ್ತೇನು! ಆಲ್ಕೊಳ ಸರ್ಕಲ್‌ನ ಈ ಗ್ಯಾರೇಜಿಗೆ ಸೇರಿ ಮೂರು ವರ್ಷವಾಯಿತು. ನನ್ನ ಡಿಪ್ಲೊಮಾ ಗೋಡೆಯ ಮೇಲಿದೆ. ಎಂಜಿನ್ ಮಾತ್ರ ಓನರ್ ಚಂದ್ರು ಮಾವನ ಸೊತ್ತು, ಯಾರೂ ಮುಟ್ಟುವ ಹಾಗಿಲ್ಲ.

ಹನ್ನೊಂದರ ಹೊತ್ತಿಗೆ ನಿರಂಜನ ಸರ್ ಬಂದರು. ಕಾಲೇಜ್ ಲೆಕ್ಚರರ್. ಅವರ ನಾನ್ನೂರು ಸಿಸಿ ಟೂರಿಂಗ್ ಬೈಕನ್ನು ಮಾವ ಹೋದ ತಿಂಗಳು ಟ್ಯೂನ್ ಮಾಡಿದ್ದರು — ದಪ್ಪ ಸೈಲೆನ್ಸರ್ ಪೈಪು, ಎಂಜಿನ್ ವಾಲ್ವ್ ತೆರೆಯಲು ರೇಸಿನ ಕ್ಯಾಮ್. ಒಬ್ಬರೇ ಹೋದರೆ ಹಾರುತ್ತದಂತೆ. ಹಿಂದೆ ಹೆಂಡತಿ, ಪಕ್ಕದಲ್ಲಿ ಬ್ಯಾಗುಗಳು, ಎದುರಿಗೆ ಗುಡ್ಡ ಬಂದರೆ... ಫಸ್ಟ್ ಗೇರ್, ಏದುಸಿರು. ಮುಂದಿನ ವಾರ ಇಬ್ಬರೂ ಮುನ್ನಾರ್‌ಗೆ ಹೊರಟಿದ್ದಾರೆ.

ಮಾವ ನಕ್ಕರು. "ಹಾರ್ಸ್‌ಪವರ್ ಜಾಸ್ತಿ ಮಾಡಿದೀನಿ ಸಾರ್. ಮೇಡಂ ತೂಕ ಕಮ್ಮಿ ಮಾಡೋಕೆ ನನ್ ಕೈಲಾಗಲ್ಲ."

ಮೈ ಉರಿದುಹೋಯಿತು. "ಅದಕ್ಕೆ ಬೇಕಿರೋದು ಓಟ ಅಲ್ಲ ಮಾವ, ಎಳೆತ. ಟಾರ್ಕ್! ನಂಗೆ ಕೊಡಿ, ಮಾಡ್ತೀನಿ."

ಮಾವ ನಿಧಾನವಾಗಿ ಕೈ ಒರೆಸಿಕೊಂಡರು. "ಸರಿ ಮಾರಾಯ್ತಿ. ಭಾನುವಾರದ ತನಕ ಟೈಮು. ನನ್ ಟ್ರಯಲ್‌ನಲ್ಲಿ ಗೆದ್ರೆ ಇನ್ಮೇಲೆ ಎಂಜಿನ್ ಕೆಲ್ಸ ನಿಂದು. ಸೋತ್ರೆ ಮತ್ತೆ ಆ ಮಾತೆತ್ಬೇಡ."

ಸ್ಪ್ಯಾನರ್‌ಗಳನ್ನೆಲ್ಲ ಎರಡೆರಡು ಸಲ ಒರೆಸಿಟ್ಟೆ. ಖುಷಿಗೆ!

ಫೆ. 4, ಸಂಜೆ
ಬಿಚ್ಚಿದೆ! ರೇಸ್ ಕ್ಯಾಮ್ ಹೊರಗೆ, ಕಂಪನಿ ಕ್ಯಾಮ್ ಒಳಗೆ. ಮಾವನ ಕೆಲಸ ಅಚ್ಚುಕಟ್ಟು, ಅದನ್ನು ಒಪ್ಪಲೇಬೇಕು. ಆದರೆ ಅವರು ಟ್ಯೂನ್ ಮಾಡಿದ ಎಂಜಿನ್ ಆರು ಸಾವಿರ ಆರ್‌ಪಿಎಂ ದಾಟಿದ ಮೇಲೇ ಮೈಮುರಿದು ಏಳುವುದು. ಲಗೇಜು ಹೊತ್ತು ಗುಡ್ಡ ಹತ್ತುವವರು ಅಷ್ಟು ತಿರುಗಿಸುತ್ತಾರಾ? ನನಗೆ ಮೂರು ಸಾವಿರದಲ್ಲೇ ಎಳೆಯಬೇಕು.

ಫೆ. 6
ಭದ್ರಾವತಿಗೆ ಹೋಗಿ ಬಂದೆ. ಕಾಗದನಗರದಲ್ಲಿ ಹುಲಿಯಪ್ಪನ ಲೇತ್ ವರ್ಕ್‌ಶಾಪ್. ಸೈಲೆನ್ಸರ್‌ಗೆ ಸಪೂರ ಪೈಪು ಮಾಡಿಕೊಡಿ ಎಂದರೆ ಆಸಾಮಿ ಹೌಹಾರಿದ. "ಸೌಂಡ್ ಹೋಗತ್ತಲ್ಲಮ್ಮಾ! ಸೌಂಡೇ ಇಲ್ದಿದ್ರೆ ಪವರ್ ಎಲ್ಲಿಂದ ಬರತ್ತೆ?" ಊರಿಗೆ ಊರೇ ಕಿವಿಯಲ್ಲಿ ಪವರ್ ಅಳೆಯುತ್ತದೆ, ಇವನೊಬ್ಬನನ್ನು ಏನೆನ್ನಲಿ. ಗೊಣಗುತ್ತಲೇ ಮಾಡಿಕೊಟ್ಟ. ಚೆನ್ನಾಗಿಯೇ ಮಾಡಿದ್ದಾನೆ.

ನಾಳೆ ಲ್ಯಾಪ್‌ಟಾಪ್ ಹಾಕಿ ಪೆಟ್ರೋಲ್ ಹರಿಯುವ ಲೆಕ್ಕ ಸರಿಮಾಡಬೇಕು.

ಫೆ. 8, ಶನಿವಾರ, ಬೆಳಿಗ್ಗೆ 8
ಸೋತೆ.

ಮಾವನ ಟ್ರಯಲ್ ಅಂದರೆ ಒಂದು ಶಾಸ್ತ್ರ. ಟ್ಯಾಂಕಿನಲ್ಲಿ ಒಂದೇ ಲೀಟರ್ ಪೆಟ್ರೋಲ್. ಕನ್ನಡಿ ಬಿಚ್ಚಬೇಕು, ಹಿಂದಿನ ಸೀಟು ಬಿಚ್ಚಬೇಕು. ಮುಂಜಾನೆ ಭದ್ರಾವತಿ ರೋಡಿನಲ್ಲಿ ಟ್ಯಾಂಕಿನ ಮೇಲೆ ಮಲಗಿ ಬಿಡುವುದು. ಅವರ ಟ್ಯೂನಿಂಗ್‌ನಲ್ಲಿ ಗಂಟೆಗೆ 130 ಕಿ.ಮೀ. ಮುಟ್ಟಿತ್ತು. ನನ್ನದು 121. "ಆಯ್ತಲ್ಲ" ಎಂದರು, ಅಷ್ಟೇ. ಬಿಚ್ಚಿದ ಕನ್ನಡಿಗಳನ್ನು ಮತ್ತೆ ಕೂರಿಸಿದೆ.

ಅದೇ ದಿನ, 10 ಗಂಟೆ
ಮಾವನ ಹೆಂಡತಿ ಹಾಲಮ್ಮತ್ತೆಗೆ ಜೈ! ತಿಂಡಿ ತಂದವರು ನನ್ನ ಮುಖ ನೋಡಿ ಗಂಡನ ಕಡೆ ತಿರುಗಿದರು.

"ನಿರಂಜನ ಸಾರ್ ಏನ್ ಹೆಂಡ್ತೀನ ಮನೇಲಿ ಬಿಟ್ಟು, ಸೀಟು ಬಿಚ್ಚಾಕಿ ಮುನ್ನಾರ್‌ಗೆ ಹೋಗ್ತಾರೇನ್ರೀ?"

ಮಾವನ ತಟ್ಟೆಗೆ ಇಡ್ಲಿ ಹಾಕುತ್ತಾ ಅತ್ತೆಯೇ ಮುಂದುವರಿಸಿದರು.

"ನಾಳೆ ಕೆಮ್ಮಣ್ಣುಗುಂಡಿ ಹತ್ಸಿ. ಹಿಂದೆ ನಾನ್ ಕೂರ್ತೀನಿ. ಮದ್ವೆಯಾಗಿ ಇಷ್ಟ್ ವರ್ಷ ಆಯ್ತು, ನೀವ್ ಟ್ಯೂನ್ ಮಾಡಿದ್ ಒಂದ್ ಗಾಡೀಲೂ ನಂಗೆ ಸೀಟೇ ಇರ್ಲಿಲ್ಲ."

ಮಾವ ತಟ್ಟೆ ಬದಿಗಿಟ್ಟು, "ಮೂರನೇ ಗೇರಲ್ಲೇ ಹತ್ಬೇಕು. ಕೆಳಗಿಳಿಸಿದ್ರೆ ನೀನ್ ಸೋತಂಗೆ" ಎಂದು ನನ್ನತ್ತ ಬೆರಳು ತೋರಿಸಿದರು.

ಫೆ. 9, ಭಾನುವಾರ, ಕೆಮ್ಮಣ್ಣುಗುಂಡಿ
ಕೈಯಲ್ಲಿ ಮೊಬೈಲು, ಟೈಪ್ ಮಾಡುತ್ತಿದ್ದೇನೆ, ತಡೆಯಲು ಆಗುತ್ತಿಲ್ಲ!

ಫುಲ್ ಟ್ಯಾಂಕ್. ಬ್ಯಾಗುಗಳ ತುಂಬಾ ಕಬ್ಬಿಣದ ಸಾಮಾನು. ಮಾವ ಮುಂದೆ, ಅತ್ತೆ ಹಿಂದೆ, ಸೀರೆ ಮೇಲೆ ನನ್ನ ಜಾಕೆಟ್ಟು. ನಾನು ಸ್ಕೂಟರಿನಲ್ಲಿ ಬೆನ್ನಿಗೆ. ಕಲ್ಲತ್ತಿಗಿರಿ ದಾಟಿ ಏರು ಶುರುವಾಯಿತು. ಕಡಿದಾದ ತಿರುವು ಬಂದಾಗಲೆಲ್ಲ ಗೇರ್ ಇಳಿಸುವ ಸದ್ದಿಗೆ ಕಿವಿ ಕೊಟ್ಟೆ. ಬರಲಿಲ್ಲ. ಮುಂದಿನ ತಿರುವು — ಇಲ್ಲ! ಧಗ್ ಧಗ್ ಧಗ್ ಎಂದು ಒಂದೇ ಸಮ ಎಳೆಯಿತು. ಸ್ಕೂಟರೇ ಹಿಂದೆ ಬಿತ್ತು. ಹೆಲ್ಮೆಟ್ ಒಳಗೆ ಹುಚ್ಚಿಯ ಹಾಗೆ ಕಿರುಚಿದೆ.

ನಾನು ಮೇಲೆ ಮುಟ್ಟಿದಾಗ ಮಾವ ಬಗ್ಗಿ ಪೈಪನ್ನೇ ನೋಡುತ್ತಿದ್ದರು. ಅತ್ತೆಯ ಕೂದಲು ಕೆದರಿತ್ತು, ಮುಖ ಕೆಂಪಾಗಿತ್ತು. "ರೀ, ಇಳಿದು ಇನ್ನೊಂದ್ ಸಲ ಹತ್ತೋಣ್ವಾ?"

ಮಾವ ಕಿಕ್ಕಿರಿದ ಪಾರ್ಕಿಂಗಿನಲ್ಲೇ ಗಾಡಿ ತಿರುಗಿಸಿದರು. ಈಗ ಮತ್ತೆ ಹತ್ತಿ ಬರುತ್ತಿದ್ದಾರೆ. ಅತ್ತೆಯ ನಗು ಎಂಜಿನ್‌ಗಿಂತ ಮೊದಲು ಕೇಳುತ್ತಿದೆ.

ಫೆ. 11, ಮಧ್ಯಾಹ್ನ
ನಿರಂಜನ ಸರ್ ಬೈಕ್ ಒಯ್ದರು. ನಿನ್ನೆಯಿಡೀ ಮಾವ ಪಂದ್ಯದ ಮಾತೇ ಎತ್ತಲಿಲ್ಲ. ಮತ್ತೆ ಆಯಿಲ್ ಚೇಂಜ್. ಕೊಟ್ಟ ಮಾತಿಗೆ ಬೆಲೆ ಇಲ್ಲವಾ?

ಇವತ್ತು ಮಾವ ತಮ್ಮ ಸ್ವಂತ ಗಾಡಿ ತಳ್ಳಿಕೊಂಡು ಬಂದರು — ಯಾವಾಗಲೂ ಬಟ್ಟೆ ಮುಚ್ಚಿರುವ ಆ ಹಳೇ ಮುನ್ನೂರೈವತ್ತು ಸಿಸಿ ಬೈಕು. ಅದರ ಎಂಜಿನ್ ಅವರೊಬ್ಬರು ಬಿಟ್ಟು ಯಾರೂ ಬಿಚ್ಚಿದ್ದಿಲ್ಲ. ಬಟ್ಟೆ ಸರಿಸಿದರು. ಹಿಂದೆ ಹೊಸ ಸೀಟು! ಪ್ಲಾಸ್ಟಿಕ್ ಕೂಡ ಕಿತ್ತಿರಲಿಲ್ಲ.

"ನಿಮ್ಮತ್ತೆ ಕೂರ್ತಾಳಂತೆ" ಎಂದು ಸ್ಪ್ಯಾನರ್ ನನ್ನ ಕೈಗಿಟ್ಟರು. "ಎಳೆಯೋ ಹಂಗ್ ಮಾಡು."

ಕಾಫಿ ನೆಪದಲ್ಲಿ ಇಷ್ಟು ಬರೆದೆ. ಎಂಜಿನ್ ಹೆಡ್ ಬಿಚ್ಚಿಟ್ಟಿದ್ದೇನೆ. ಮಾವ ಟಾರ್ಚ್ ಹಿಡಿದು ನಿಂತಿದ್ದಾರೆ, ಎಲ್ಲಿ ಬೆಳಕು ಬಿಡಲಿ ಎಂದು ನನ್ನನ್ನು ಕೇಳುತ್ತಿದ್ದಾರೆ.